ಬಜಿ ಕರಿದ ಎಣ್ಣೆ, ಭಟ್ಟಿಯ ಕಲ್ಲಿದ್ದಲು

ನನ್ನ ಅಕ್ಕ ಬೆಳಗಾವಿಯ ಖಾಸಬಾಗದಲ್ಲಿ ಬಜಿ ಅಂಗಡಿ ಇಟ್ಟು ಹತ್ತು ವರ್ಷದ ಮೇಲಾಯಿತು. ಮೊದಲು ಕೈಗಾಡಿ ಇತ್ತು. ಈಗ ತಗಡಿನ ಮಾಡು ಬಂದಿದೆ, ಗಿರಾಕಿಗಳು ಕೂರಲು ಬೆಂಚುಗಳಿವೆ. ಮಿರ್ಚಿ, ಉಳ್ಳಾಗಡ್ಡಿ ಬಜಿ, ಸಂಜೆಯಾದರೆ ಗಿರ್ಮಿಟ್ಟು. ಕಡಾಯಿಯಲ್ಲಿನ ಎಣ್ಣೆ ಕಪ್ಪೇರಿ ಮೇಲೆ ನೊರೆ ಕಟ್ಟತೊಡಗಿತೆಂದರೆ ಅವಳು ಅದನ್ನು ಇಳಿಸಿಬಿಡುತ್ತಾಳೆ. ಇನ್ನೊಂದು ಸಲ ಕರಿಯಬಹುದಲ್ಲ ಎಂದು ಯಾರು ಹೇಳಿದರೂ ಕೇಳುವುದಿಲ್ಲ.

ಇಳಿಸಿದ ಎಣ್ಣೆಯನ್ನು ರೊಕ್ಕ ಕೊಟ್ಟು ಒಯ್ಯಲು ಒಬ್ಬ ಸ್ಕೂಟರಿನ ಮೇಲೆ ಬರುತ್ತಿದ್ದ. ಸಾಬೂನು ಮಾಡುವವರಿಗೆ ಕೊಡುತ್ತೇನೆ ಎನ್ನುತ್ತಿದ್ದ. ಅಕ್ಕ ತುಂಬಿದ ಡಬ್ಬಿ ಕೊಡುತ್ತಿದ್ದಳು, ಅವನು ಖಾಲಿ ಡಬ್ಬಿ ತಂದು ಇಡುತ್ತಿದ್ದ. ಡಬ್ಬಿಗಳು ಅದಲುಬದಲಾಗದಿರಲೆಂದು ಅವಳು ತನ್ನವಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದಿದ್ದಳು.

ಒಮ್ಮೆ ನಾವಿಬ್ಬರೂ ಸಂಬಂಧಿಕರ ಮನೆಯ ನಿಶ್ಚಯಕ್ಕೆಂದು ಸಾಂಬ್ರಾಕ್ಕೆ ಹೋಗಿದ್ದೆವು. ಊಟ ಮುಗಿಸಿ ವಾಪಸಾಗುವಾಗ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಸಾಲೆ ಬಿಟ್ಟ ಹೊತ್ತು. ರಸ್ತೆಯಾಚೆ ಒಂದು ವಡೆಯ ಗಾಡಿ, ಸುತ್ತ ಮಕ್ಕಳು. ಅಕ್ಕ ಮಾತಿನ ನಡುವೆ ಕತ್ತು ಚಾಚಿ ನೋಡತೊಡಗಿದಳು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಗಾಡಿಯ ಕೆಳಗೆ ಕೆಂಪು ಪಟ್ಟಿಯ ಡಬ್ಬಿ ಇತ್ತು.

ಅವಳು ರಸ್ತೆ ದಾಟಿ ಹೋದಳು. ಗಾಡಿಯ ಹೆಂಗಸಿನ ಜೊತೆ ಜಗಳವಾಡುತ್ತಾಳೆಂದು ಹೆದರಿ ನಾನೂ ಹಿಂದೆಯೇ ಓಡಿದೆ. ಅವಳು ಜಗಳವಾಡಲಿಲ್ಲ. ಡಬ್ಬಿ ತೋರಿಸಿ, "ಈ ಎಣ್ಣಿ ಎಲ್ಲಿಂದ ತರ್ತೀರಿ?" ಎಂದು ಕೇಳಿದಳು.

"ಒಬ್ಬಾಂವ ತಂದ್ಕೊಡ್ತಾನ್ರಿ. ಸೋಸಿ, ಏನೋ ಹಾಕಿ ಬೆಳ್ಳಗ ಮಾಡಿ ಕೊಡ್ತಾನ. ಅಂಗಡಿ ಎಣ್ಣಿಗಿಂತ ಭಾಳ ಸಸ್ತಾ," ಎಂದಳು ಆ ಹೆಂಗಸು, ಮುಚ್ಚುಮರೆಯಿಲ್ಲದೆ. ಅವಳಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಬದಿಗೆ ಕೂತಳು. ಊರು ಹತ್ತಿರ ಬಂದ ಮೇಲೆ, "ನಾ ಬ್ಯಾಡಂತ ಇಳಿಸಿದ್ದನ್ನ ಕೂಸಗೋಳು ತಿನ್ನಾಕತ್ತಾವ ನೋಡ," ಎಂದಳು.

ಸ್ಕೂಟರಿನವನು ಮತ್ತೆ ಬಂದಾಗ ಅವಳು ಡಬ್ಬಿ ಕೊಡಲಿಲ್ಲ. ಅವನು ವಾದ ಮಾಡಿದ, ನೀವು ಮಾರಿದ ಮೇಲೆ ನಾನೇನು ಮಾಡಿದರೆ ನಿಮಗೇನು ಎಂದ. ಅವಳು ಸೊಪ್ಪು ಹಾಕಲಿಲ್ಲ. ಆಮೇಲೆ ಸ್ವಲ್ಪ ದಿನ ಎಣ್ಣೆಯನ್ನು ಗಟಾರಕ್ಕೆ ಸುರಿದಳು. ಮಳೆ ಹಿಡಿದಾಗ ಗಟಾರ ಕಟ್ಟಿಕೊಂಡು ಓಣಿಯ ತುಂಬ ನೀರು ನಿಂತಿತು. ಸ್ವಚ್ಛ ಮಾಡಲು ಬಂದವರು ಸಲಿಕೆಯಿಂದ ಬೆಣ್ಣೆಯಂಥ ಜಿಡ್ಡಿನ ಮುದ್ದೆ ಎತ್ತಿ ಅವಳ ಕಟ್ಟೆಯ ಮುಂದೆ ಇಟ್ಟು ಹೋದರು. ದೊಡ್ಡ ಹೋಟೆಲುಗಳಿಂದ ಕರಿದೆಣ್ಣೆ ಒಯ್ದು ಡೀಸೆಲ್ ಮಾಡುವವರಿದ್ದಾರೆಂದು ಕೇಳಿ ನಾನು ವಿಚಾರಿಸಿದೆ. ಅವರ ಲಾರಿ ಇಷ್ಟು ಸಣ್ಣ ಅಂಗಡಿಗೆ ಬರುವುದಿಲ್ಲವಂತೆ. ಹೀಗಾಗಿ ಅಕ್ಕನ ಅಂಗಡಿಯ ಹಿತ್ತಲಲ್ಲಿ ಡಬ್ಬಿಗಳು ಸಾಲುಗಟ್ಟಿದವು. ಬೆಕ್ಕು, ಇಲಿ, ಇರುವೆ ಎಲ್ಲಕ್ಕೂ ಹಬ್ಬ.

"ನೀ ಕಾಲೇಜಿನ್ಯಾಗ ಕೆಮಿಸ್ಟ್ರಿ ಕಲಸ್ತಿ. ಇದಕ್ಕೊಂದು ದಾರಿ ಹೇಳ ಬೇ," ಎಂದಳು ನನಗೆ.

ನಾನು ಬೆಳಗಾವಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಸಾಬೂನು ಮಾಡಿ ನೋಡಿದೆವು. ಮೆಣಸಿನಕಾಯಿಯ ಘಾಟು ಹೋಗಲಿಲ್ಲ. ಆ ಸಾಬೂನಿನಿಂದ ಮುಖ ತೊಳೆದ ನನ್ನ ಯಜಮಾನರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈಗ ಕಾಕಾನ ವಿಷಯ ಹೇಳಬೇಕು. ನಮ್ಮಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡರು. ಅಪ್ಪನ ತಮ್ಮ, ಈ ಕಾಕಾ, ನಮ್ಮನ್ನು ಬೆಳೆಸಿದರು. ಖಾನಾಪುರದ ಹೊರಗೆ ಅವರದು ಹಂಚಿನ ಭಟ್ಟಿ. ಆ ಕಡೆಯ ಕೆಂಪು ಮಣ್ಣು ಹಂಚಿಗೆ, ಗಡಿಗೆಗೆ ಹೆಸರಾದದ್ದು. ನನ್ನನ್ನು ಓದಿಸಿದವರೂ ಕಾಕಾ, ಅಕ್ಕನ ಮದುವೆ ಮಾಡಿದವರೂ ಕಾಕಾ. ಅಕ್ಕನ ಗಂಡ ಕುಡಿದು ಕುಡಿದು ಸತ್ತ ಮೇಲೆ, "ಮನಿಗೆ ಬಾ, ಒಂದ ತುತ್ತು ಹೆಚ್ಚಿಗಿ ಬೇಯಿಸಿದ್ರಾತು," ಎಂದು ಕರೆದವರೂ ಅವರೇ. ಅಕ್ಕ ಹೋಗಲಿಲ್ಲ. ಖಾಸಬಾಗದಲ್ಲಿ ಗಾಡಿ ಹಚ್ಚಿದಳು.

ಕಾಕಾ ಅದನ್ನು ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಗಾಡಿಯಿಂದ ದೂರವೇ ನಿಂತು, "ನಮ್ಮ ಮನಿತನದ ಹೆಣ್ಮಗಳು ರಸ್ತೇದಾಗ ನಿಂತು ಬಜಿ ಕರೀತಾಳಂದ್ರ ನಾಳೆ ನಾ ನಾಕ ಮಂದ್ಯಾಗ ಹೆಂಗ ತಲಿ ಎತ್ತಬೇಕು?" ಎಂದರು.

ಅಕ್ಕ ಜಾರಾದಿಂದ ಮಿರ್ಚಿ ತಿರುವಿ ಹಾಕುತ್ತಲೇ ಹೇಳಿದಳು: "ದಿನಾ ಲಿಂಗಪೂಜಿ ಮಾಡಿ ಹೊರಗ ಬಂದು ಕಾಯಕದ ಮಾತ ಹೇಳ್ತೀರಿ ಕಾಕಾ. ನಾ ಮಾಡೋದು ಕಾಯಕ ಅಲ್ಲೇನ್ರಿ?"

ಕಾಕಾ ಹೊರಟುಹೋದರು. ಅಂದಿನಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಹಬ್ಬಕ್ಕೆ ಅಕ್ಕ ಖಾನಾಪುರಕ್ಕೆ ಹೋಗುವುದನ್ನು ನಿಲ್ಲಿಸಿದಳು. ಕಾಕಾನ ಹೆಂಡತಿ, ನಮ್ಮ ಕಾಕು, ಮಾತ್ರ ನನ್ನ ಕೈಯಲ್ಲಿ ಉಪ್ಪಿನಕಾಯಿ, ಹಪ್ಪಳ ಕಳಿಸುತ್ತಿದ್ದಳು. ಅವು ಯಾರಿಗೆ ಎಂದು ಕಾಕಾ ಕೇಳುತ್ತಿರಲಿಲ್ಲ.

ನಾನು ತಿಂಗಳಿಗೊಮ್ಮೆಯಾದರೂ ಖಾನಾಪುರಕ್ಕೆ ಹೋಗಿಬರುತ್ತೇನೆ. ಅಕ್ಕನ ಡಬ್ಬಿಗಳು ಸಾಲುಗಟ್ಟಿದ ವರ್ಷ ಭಟ್ಟಿಯಲ್ಲಿ ಬೇರೆಯೇ ತಾಪತ್ರಯ ನಡೆದಿತ್ತು. ಗಟ್ಟಿ ಕಲ್ಲಿದ್ದಲು ತುಟ್ಟಿಯಾಗಿ ಕಾಕಾ ಪುಡಿ ತರಿಸತೊಡಗಿದ್ದರು. ಅದರಲ್ಲಿ ಅರ್ಧ ಮಣ್ಣೇ. ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು, ಹಂಚಿನ ಮೇಲೆಲ್ಲ ಬೂದಿಯ ಕಲೆ. ಕಾಕುವಿಗೆ ಕೆಮ್ಮು ಹತ್ತಿತ್ತು. ಶಂಡಿಗೆಯನ್ನು ಅಂಗಳದಲ್ಲಿ ಒಣಗಿಸುವುದು ಬಿಟ್ಟು ಒಳಗೆ ಫ್ಯಾನಿನ ಕೆಳಗೆ ಹರವುತ್ತಿದ್ದಳು. ಸುತ್ತಲಿನ ಮನೆಯವರು ಒಟ್ಟಾಗಿ ಬಂದು, ಹೀಗೇ ನಡೆದರೆ ಭಟ್ಟಿ ಬಂದ್ ಮಾಡಿಸುತ್ತೇವೆ ಎಂದು ಹೇಳಿ ಹೋಗಿದ್ದರು.

"ಬಂದ್ ಮಾಡಿಸ್ತಾರಂತ. ಇವರ ಮನಿ ಮ್ಯಾಲಿನ ಹಂಚು ಯಾರ ಭಟ್ಟೀದು?" ಎಂದು ಕಾಕಾ ಕೂಗಾಡಿದರು. ಕೂಗಾಟ ಮುಗಿದ ಮೇಲೆ ಹೋಗಿ ಪುಡಿಯ ಗುಡ್ಡೆಯನ್ನು ಕಾಲಿನಿಂದ ಕೆದರಿದರು.

ಆ ಗುಡ್ಡೆ ನೋಡಿದಾಗಲೇ ನನಗೆ ಪಾಠ ನೆನಪಾಯಿತು. ವರ್ಷ ವರ್ಷವೂ ಹುಡುಗರಿಗೆ ಹೇಳುತ್ತ ಬಂದದ್ದೇ. ಕಲ್ಲಿದ್ದಲಿಗೆ ಎಣ್ಣೆ ಬೇಕು, ಮಣ್ಣಿಗೆ ನೀರು ಬೇಕು. ಪುಡಿಯನ್ನು ನೀರಿಗೆ ಹಾಕಿ, ಸ್ವಲ್ಪ ಎಣ್ಣೆ ಬಿಟ್ಟು ಜೋರಾಗಿ ಕಡೆದರೆ ಇದ್ದಲಿನ ಕಣಗಳು ಎಣ್ಣೆ ಹಚ್ಚಿಕೊಂಡು ಒಂದಕ್ಕೊಂದು ಅಂಟಿ ಮೇಲೆ ಬರುತ್ತವೆ. ಮಣ್ಣು ನೀರಿನಲ್ಲೇ ಉಳಿದು ಕೆಳಗೆ ಕೂರುತ್ತದೆ. ಗಣಿಗಳಲ್ಲಿ ಇದಕ್ಕೆ ಡೀಸೆಲ್ಲೋ ಸೀಮೆಎಣ್ಣೆಯೋ ಬಳಸುತ್ತಾರೆ. ಕರಿದ ಎಣ್ಣೆಯಿಂದಲೂ ಆಗುತ್ತದೆಂದು ಓದಿದ್ದೆ. ಓದಿದ್ದೆ ಅಷ್ಟೇ, ಕೈಯಿಂದ ಮಾಡಿ ನೋಡಿರಲಿಲ್ಲ.

ಮುಂದಿನ ಸಲ ಹೋಗುವಾಗ ಅಕ್ಕನ ಹಿತ್ತಲಿನಿಂದ ಒಂದು ಬಾಟಲಿ ಎಣ್ಣೆ ಒಯ್ದೆ. ಗುಡ್ಡೆಯ ಅಂಚಿನಿಂದ ಒಂದು ಬೊಗಸೆ ಪುಡಿ ತಂದು, ಕಾಕುವಿನ ಹಿತ್ತಲಲ್ಲಿ ಬಕೆಟ್ಟಿಗೆ ಹಾಕಿ, ಅವಳದೇ ಕಡಗೋಲಿನಿಂದ ಕಡೆದೆ. ತೋಳು ನೋಯುವ ತನಕ ಕಡೆದೆ. ಏನೂ ಬೇರೆಯಾಗಲಿಲ್ಲ. ಕಪ್ಪು ಗಂಜಿಯಾಯಿತು, ಮೇಲೆ ಬಜಿಯ ಹಿಟ್ಟಿನ ಕರಕು ತೇಲಿತು. ಕಾಕು ಹೊರಗೆ ಬಂದು ಮೊದಲು ಬಕೆಟ್ ನೋಡಿದಳು, ಆಮೇಲೆ ಕಡಗೋಲು.

"ಅಯ್ಯ ಶಿವನ! ಮಜ್ಜಿಗಿ ಕಡಿಯೋ ಕಡಗೋಲ್ರಿ ಇದು, ಶಾಣ್ಯಾಕಿ!" ಎಂದಳು. ಸಿಟ್ಟು ಬಂದರೆ ಕಾಕು ನನಗೆ ರೀ ಹಚ್ಚುತ್ತಾಳೆ.

ಬೆಳಗಾವಿಗೆ ಬಂದು ಯೋಚಿಸಿದೆ, ಪುಸ್ತಕ ತೆಗೆದೆ. ಬಹಳ ದಿನ ಬಿಸಿಲು ಮಳೆಗೆ ಬಿದ್ದ ಕಲ್ಲಿದ್ದಲಿನ ಮೈ ಕೆಡುತ್ತದೆ, ಎಣ್ಣೆ ಹಿಡಿಯುವುದಿಲ್ಲ. ನಾನು ತೆಗೆದದ್ದು ಗುಡ್ಡೆಯ ಅಂಚಿನ ಹಳೆಯ ಪುಡಿ. ಎಣ್ಣೆಯನ್ನೂ ಸೋಸಿರಲಿಲ್ಲ. ಮುಂದಿನ ಭಾನುವಾರ ಹೊಸದಾಗಿ ಬಂದ ಲೋಡಿನ ಪುಡಿ ತೆಗೆದು ಜರಡಿ ಹಿಡಿದೆ. ಎಣ್ಣೆಯನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ ಉಗುರುಬೆಚ್ಚಗೆ ಮಾಡಿದೆ. ಈ ಸಲ ಪೇಟೆಯಿಂದ ಬೇರೆ ಕಡಗೋಲು ಕೊಂಡೊಯ್ದಿದ್ದೆ.

ಮೊದಲು ಹಾಗೇ ಕಪ್ಪು ಗಂಜಿ. ಸ್ವಲ್ಪ ಹೊತ್ತಿಗೆ ಕೈಗೆ ಭಾರ ಬೇರೆಯಾಗಿ ಹತ್ತಿತು. ಕಡಗೋಲಿನ ಸುತ್ತ ಸಾಸಿವೆಯಷ್ಟು ಕಾಳು, ಆಮೇಲೆ ಜೋಳದ ಕಾಳಿನಷ್ಟು ಕರಿ ಉಂಡೆಗಳು ಕಟ್ಟತೊಡಗಿದವು. ನೀರು ಕಪ್ಪು ಬಿಟ್ಟು ಬೂದು ಬಣ್ಣಕ್ಕೆ ತಿರುಗಿತು. ಬಾಗಿಲಲ್ಲಿ ನಿಂತಿದ್ದ ಕಾಕು ಹತ್ತಿರ ಬಂದು ಬಗ್ಗಿ ನೋಡಿದಳು.

"ಬೆಣ್ಣಿ ಬಂದಂಗ ಬಂತಲ್ಲ ಬೇ!"

ಉಂಡೆಗಳನ್ನು ಬಟ್ಟೆಯ ಮೇಲೆ ಒಣಗಿಸಿ ಸಂಜೆ ಇದ್ದಲೊಲೆಗೆ ಹಾಕಿದೆವು. ಹೊತ್ತುವಾಗ ಒಂದಿಷ್ಟು ಹೊಗೆ ಬಂತು, ಹೊತ್ತಿದ ಮೇಲೆ ಉರಿ ಚೊಕ್ಕಟವಾಗಿ ನಿಂತಿತು. ಕಾಕಾ ಬಂದು ಕುಕ್ಕರಗಾಲಲ್ಲಿ ಕೂತು ಕೊನೆಯ ತನಕ ನೋಡಿದರು. ಆರಿದ ಮೇಲೆ ಬೂದಿಯನ್ನು ಅಂಗೈ ಮೇಲೆ ಹಾಕಿಕೊಂಡು ತೂಗಿದಂತೆ ಮಾಡಿದರು. ಒಂದು ಚಿಟಿಕೆಯಷ್ಟಿತ್ತು.

"ಎಣ್ಣಿ ಯಾವದು?"

"ಕರದ ಎಣ್ಣಿ ಕಾಕಾ. ಚೆಲ್ಲೋ ಎಣ್ಣಿ."

"ಎಲ್ಲೀದು?"

"ಅಕ್ಕನ ಅಂಗಡೀದು."

ಅವರು ಬೂದಿ ಚೆಲ್ಲಿ ಕೈ ಝಾಡಿಸಿದರು. ಊಟಕ್ಕೆ ಬಡಿಸಲು ಹೇಳಿ ಒಳಗೆ ಹೋದರು. ನಾನು ಬಸ್ಸಿಗೆ ಹೊರಟಾಗ ಬಾಗಿಲ ತನಕ ಬಂದು, "ಎಷ್ಟೈತಿ ಅಂತ ಆಕೀನ್ನ ಕೇಳು," ಎಂದರು.

ನಾನು ಖುಷಿಯಿಂದ ಅಕ್ಕನಿಗೆ ಹೇಳಿದೆ. ಅವಳು ಹಿಟ್ಟು ಕಲಸುತ್ತಿದ್ದಳು. "ಭಾಳ ಚಲೋ ಆತು," ಎಂದಳು. "ಒಯ್ಯಲಿ. ರೊಕ್ಕ ಬ್ಯಾಡ. ಆದ್ರ ಅವರ ಬಂದು ಒಯ್ಯಬೇಕು. ಆಳ ಮಂದೀನ್ನ ಕಳಸಬಾರದು, ನೀನೂ ಹೊತ್ಗೊಂಡು ಹೋಗಬಾರದು. ನನ್ನ ಅಂಗಡಿ ಮುಂದ ನಿಂತು ಕೇಳಲಿ, ಕೊಡ್ತೀನಿ."

"ಅವರ ಸ್ವಭಾವ ನಿನಗ ಗೊತ್ತಿಲ್ಲೇನು? ಬರೂದುಲ್ಲ."

"ಬರದಿದ್ರ ಬಿಡಲಿ."

ಈ ಮಾತನ್ನು ಕಾಕಾನಿಗೆ ಹೇಗೆ ಹೇಳಲಿ ಎಂದು ಎರಡು ವಾರ ಒದ್ದಾಡಿದೆ. ಕಡೆಗೆ ಕಾಕುವಿಗೆ ಫೋನಿನಲ್ಲಿ ಹೇಳಿದೆ. ಅವಳು ಕೇಳಿ, "ಆಕಿ ಅನ್ನೂದು ಬರೋಬ್ಬರಿ ಐತಿ," ಎಂದಳು. ಕಾಕಾ ಕಾಕು ನಡುವೆ ಏನು ಮಾತಾಯಿತೋ ನನಗೆ ತಿಳಿಯದು.

ಕಾಕಾ ಬಂದದ್ದು ಒಂದು ಸಂಜೆ, ಗಿರಾಕಿ ಜೋರಿದ್ದ ಹೊತ್ತಿನಲ್ಲಿ. ನಾನು ಕಾಲೇಜು ಮುಗಿಸಿ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ರಸ್ತೆಯಾಚೆ ಭಟ್ಟಿಯ ಟೆಂಪೊ ನಿಂತಿತು. ಕಾಕಾ ಇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೋಪಿ, ಮದುವೆಗೆ ಹೊರಟವರ ಹಾಗೆ. ಬಂದು ಗಿರಾಕಿಗಳ ಹಿಂದೆ ನಿಂತರು. ಒಬ್ಬೊಬ್ಬರೇ ಸರಿದು ಕಟ್ಟೆಯ ಮುಂದೆ ಜಾಗವಾಯಿತು.

ಅಕ್ಕ ತಲೆ ಎತ್ತಿದಳು. "ಏನ ಕೊಡ್ಲಿರಿ?" ಎಂದಳು, ಎಲ್ಲರಿಗೂ ಕೇಳುವ ಹಾಗೆಯೇ.

ಕಾಕಾ ಟೋಪಿ ಸರಿ ಮಾಡಿಕೊಂಡರು. "ಎಣ್ಣಿ ಬೇಕಾಗಿತ್ತು."

"ಕುಂದರ್ರಿ. ಕಡಾಯಿದಾಗ ಬಜಿ ಅದಾವ. ಇಳಿಸಿ ಬರ್ತೀನಿ."

ಅವರು ಬೆಂಚಿನ ಮೇಲೆ ಕೂತರು. ಒಂದು ಬದಿಗೆ ಆಟೋದವನು, ಇನ್ನೊಂದು ಬದಿಗೆ ಸಂತೆಗೆ ಬಂದ ಮುದುಕ. ಮುದುಕ ತನ್ನ ತಟ್ಟೆಯನ್ನು ಅವರತ್ತ ಸರಿಸಿ, "ತಗೋರಿ, ಬಿಸಿ ಅದಾವ," ಎಂದ. ಕಾಕಾ ಬೇಡವೆನ್ನುತ್ತಾರೆಂದುಕೊಂಡೆ. ಒಂದು ಮಿರ್ಚಿ ತೆಗೆದುಕೊಂಡು ಮುರಿದರು. ತಿಂದರು. ಅಕ್ಕ ಆ ಕಡೆ ನೋಡಲಿಲ್ಲ. ಹಿಟ್ಟು ಕಡಾಯಿಯ ಅಂಚಿಗೆಲ್ಲ ಹನಿಯಿತು.

ಬಜಿ ಇಳಿಸಿ, ಗಿರಾಕಿಗಳಿಗೆಲ್ಲ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅವಳು ಮುಂದೆ ಬಂದಳು. ಕಾಕಾನ ಕಾಲು ಮುಟ್ಟಿದಳು. ಕಾಕಾ ಅವಳ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ಡಬ್ಬಿಗಳನ್ನು ಹೊರಿಸಿದರು. ಒಂದು ಡಬ್ಬಿಯನ್ನು ಕಾಕಾ ತಾವೇ ಎತ್ತಿದರು. ಬಿಳಿ ಅಂಗಿಗೆ ಜಿಡ್ಡಿನ ಕಲೆಯಾಯಿತು.

ಬಕೆಟ್ಟಿನಲ್ಲಿ ಆದದ್ದು ಭಟ್ಟಿಗೆ ಸಾಕಾಗುವಷ್ಟು ಆಗಲು ಬಹಳ ದಿನ ಹಿಡಿಯಿತು. ಕಾಕಾ ಒಂದು ಹಳೆಯ ಕಾಂಕ್ರೀಟ್ ಮಿಕ್ಸರ್ ತಂದು ಅದರೊಳಗೆ ಹಲ್ಲಿನಂಥ ಪಟ್ಟಿಗಳನ್ನು ಬೆಸುಗೆ ಹಾಕಿಸಿದರು. ಎಣ್ಣೆ ಹೆಚ್ಚಾದರೆ ಅಂಟಿನ ಮುದ್ದೆ, ಕಡಿಮೆಯಾದರೆ ಅರ್ಧ ಪುಡಿ ನೀರಿನ ಪಾಲು. ಹದ ಸಿಕ್ಕ ಮೇಲೆ ಒಂದು ಸಲದ ಭಟ್ಟಿಯ ಒಂದು ಪಾಲನ್ನು ಈ ಉಂಡೆಗಳಿಂದಲೇ ಉರಿಸಿದೆವು. ಅಂದು ಊರಿನ ಆ ಬದಿಗೆಲ್ಲ ಮಿರ್ಚಿ ಬಜಿಯ ವಾಸನೆ. ನಾಯಿಗಳು ಬಂದು ಭಟ್ಟಿಯ ಸುತ್ತ ಕೂತವು. ಹಂಚು ತುಂಬುವ ಹೆಂಗಸರು, "ಹಸಿವು ತಡಿಯಾಕ ಆಗವಲ್ತು," ಎಂದು ಹೊತ್ತಿಗೆ ಮೊದಲೇ ಬುತ್ತಿ ಬಿಚ್ಚಿದರು. ಹೊಗೆ ಇಲ್ಲದೇ ಹೋಗಲಿಲ್ಲ, ಆದರೆ ಮೊದಲಿನ ಕಪ್ಪು ಕಂಬ ಏಳಲಿಲ್ಲ. ಹಂಚುಗಳ ಮೇಲಿನ ಕಲೆ ಕಡಿಮೆಯಾಗಿತ್ತು. ಬಂದ್ ಮಾಡಿಸುತ್ತೇವೆ ಎಂದಿದ್ದವರಲ್ಲಿ ಒಬ್ಬರು ಬಂದು ನೋಡಿ, "ಹಿಂಗಿದ್ರ ನಡೀತೈತಿ," ಎಂದು ಹೋದರು.

ನಾವು ಬೀಗುತ್ತಿದ್ದೆವು. ಆಗ ನೀರಿನ ತಕರಾರು ಬಂತು.

ಮಿಕ್ಸರಿನಿಂದ ಬಂದ ಬೂದು ನೀರನ್ನು ಕೆಲಸದವರು ಹಿಂದಿನ ಕಾಲುವೆಗೆ ಬಿಡುತ್ತಿದ್ದರು. ಹೊಗೆಯ ಚಿಂತೆಯಲ್ಲಿ ಅದರ ಕಡೆ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಕಾಲುವೆ ಕೆಳಗಿನ ಹಳ್ಳಕ್ಕೆ ಸೇರುತ್ತದೆ, ಹಳ್ಳ ಮಲಪ್ರಭೆಗೆ. ಹಳ್ಳದ ದಂಡೆಯಲ್ಲಿ ಕುರಿ, ಎಮ್ಮೆ ಸಾಕುವ ಮನೆಗಳಿವೆ. ಒಂದು ಮುಂಜಾನೆ ಅಲ್ಲಿಯ ಒಬ್ಬ ಹೆಂಗಸು ತಲೆಯ ಮೇಲೆ ಕೊಡ ಹೊತ್ತು ಭಟ್ಟಿಗೆ ಬಂದಳು. ಕೊಡವನ್ನು ಕಾಕಾನ ಕಾಲ ಬಳಿ ಇಳಿಸಿದಳು. ನೀರಿನ ಮೇಲೆ ಜಿಡ್ಡಿನ ಪೊರೆ, ತಳದಲ್ಲಿ ಕೆಸರು.

"ಹೇ ಪಾಣೀ ತುಮ್ಹೀ ಪಿಣಾರ ಕಾ?" ಎಂದಳು ಮರಾಠಿಯಲ್ಲಿ. ಕಾಕಾ ಬಗ್ಗಿ ಕೊಡ ನೋಡತೊಡಗಿದಾಗ ಅವರಿಗೆ ಅರ್ಥವಾಗಲಿಲ್ಲವೆಂದುಕೊಂಡು ಕನ್ನಡದಲ್ಲಿ ಹೇಳಿದಳು: "ಈ ನೀರ ನೀವ ಕುಡಿತೀರೇನ್ರಿ? ನಮ್ಮ ಎಮ್ಮಿ ಮೂಸಿ ನೋಡಿ ಹಿಂದಕ ಸರಿತಾವ."

ಕಾಕಾ ಜಗಳಕ್ಕೆ ನಿಲ್ಲುವ ಮನುಷ್ಯ. ಅಂದು ನಿಲ್ಲಲಿಲ್ಲ. "ಇವತ್ತಿಂದ ಬಿಡೂದುಲ್ಲ," ಎಂದರು. ಮಿಕ್ಸರ್ ನಿಲ್ಲಿಸಿದರು. ನಾನು ರಜೆ ಹಾಕಿ ಹೋದೆ. ಭಟ್ಟಿಯ ಹಿಂದೆ ಒಂದರ ಕೆಳಗೊಂದು ಹೊಂಡ ತೋಡಿಸಿದೆವು. ಮೊದಲ ಹೊಂಡದಲ್ಲಿ ಮಣ್ಣು ಕೂರುತ್ತದೆ, ಮುಂದಿನದರಲ್ಲಿ ತೇಲುವ ಜಿಡ್ಡನ್ನು ಹುಲ್ಲಿನ ಹೊರೆಗಳು ತಡೆಯುತ್ತವೆ, ಕೊನೆಯದರಿಂದ ತಿಳಿನೀರನ್ನು ಪಂಪಿನಿಂದ ಎತ್ತಿ ಮತ್ತೆ ಮಿಕ್ಸರಿಗೇ ಬಿಡುತ್ತೇವೆ. ಹೊರಗೆ ಹನಿಯೂ ಹೋಗುವುದಿಲ್ಲ. ತಳದ ಮಣ್ಣನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಾಗ ಕಾಕಾ ಅದನ್ನು ಕೆಂಪು ಮಣ್ಣಿಗೆ ಬೆರೆಸಿ ಇಟ್ಟಿಗೆ ಸುಟ್ಟು ನೋಡಿದರು. ಇಟ್ಟಿಗೆ ಗಟ್ಟಿಯಾಗಿಯೇ ಬಂತು. ಅದರಲ್ಲಿ ಉಳಿದ ಇದ್ದಲ ಚೂರು ಒಳಗಿನಿಂದಲೂ ಸುಡುತ್ತದಲ್ಲ.

ಆ ಹೆಂಗಸು ಆಮೇಲೂ ಕೆಲವು ಸಲ ಬಂದು ಹೊಂಡಗಳನ್ನು ನೋಡಿ ಹೋದಳು. ಹೊಗಳಲಿಲ್ಲ. ಒಮ್ಮೆ ಕಾಕುವಿಗೆ ಒಂದು ತಂಬಿಗೆ ಗಿಣ್ಣದ ಹಾಲು ಕೊಟ್ಟು ಹೋದಳಂತೆ.

ಇನ್ನೊಂದು ಕಷ್ಟ ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಖಾನಾಪುರದ ಮಳೆ ಹಿಡಿದರೆ ಬಿಡುವುದಿಲ್ಲ. ಮಳೆಗಾಲದಲ್ಲಿ ಭಟ್ಟಿ ನಿಲ್ಲುತ್ತದೆ. ಬೆಳಗಾವಿಯಲ್ಲಿ ಬಜಿ ಹೆಚ್ಚು ಹೋಗುವುದು ಆಗಲೇ. ಎಣ್ಣೆ ಬರುವ ಹೊತ್ತಿಗೆ ಬೇಡ, ಬೇಕಾದ ಹೊತ್ತಿಗೆ ಸಾಲದು. ಡ್ರಮ್ಮುಗಳಲ್ಲಿ ತುಂಬಿ ಇಟ್ಟೆವು. ಸಂಗ್ರಹಿಸಿದ ಎಣ್ಣೆಯ ಕಮಟು ವಾಸನೆ ಮನೆಯ ಪಡಸಾಲೆಗೂ ಬರುತ್ತಿತ್ತು. ಮಾಡಿಟ್ಟ ಉಂಡೆಗಳಿಗೆ ಇರುವೆ ಮುತ್ತಿದವು. ಕಲ್ಲಿದ್ದಲಿಗೆ ಇರುವೆ ಹತ್ತಿದ್ದನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ಕೆಲಸದವನೊಬ್ಬ ಸುತ್ತ ಅರಿಶಿನದ ಗೆರೆ ಎಳೆದಿದ್ದ.

ಮಳೆ ನಿಂತ ಮೇಲೆ ಲೆಕ್ಕ ಹಾಕಿದರೆ ಅಕ್ಕನೊಬ್ಬಳ ಎಣ್ಣೆ ಏನೇನೂ ಸಾಲದೆಂದು ಗೊತ್ತಾಯಿತು. ಅಕ್ಕ ತಾನೇ ಹೊರಟಳು. ಮಧ್ಯಾಹ್ನ ಅಂಗಡಿ ತೆರೆಯುವ ಮೊದಲು ಖಾಸಬಾಗ, ಶಹಾಪುರದ ಬಜಿ ಅಂಗಡಿ, ಚಕ್ಕುಲಿ ಕರಿಯುವ ಫರಾಳದ ಅಂಗಡಿ, ಮದುವೆ ಅಡುಗೆಯವರ ಮನೆ ಎಲ್ಲ ಕಡೆ ತಿರುಗಿದಳು. ಎಲ್ಲರೂ ಒಪ್ಪಲಿಲ್ಲ. ಸ್ಕೂಟರಿನವನು ಕೊಡುವಷ್ಟು ಕೊಡುತ್ತೀಯೇನು ಎಂದು ಕೇಳಿದವರೇ ಹೆಚ್ಚು. ಅವಳು ಸಾಂಬ್ರಾದ ಡಬ್ಬಿಯ ಕಥೆ ಹೇಳುತ್ತಿದ್ದಳು. ಕೆಲವರು ಕೇಳಿ ಡಬ್ಬಿ ಕೊಟ್ಟರು, ಕೆಲವರು ಕೇಳಿಯೂ ಕೊಡಲಿಲ್ಲ.

ಸ್ಕೂಟರಿನವನೂ ಒಂದು ದಿನ ಅಂಗಡಿಗೆ ಬಂದ. "ನನ್ನ ಹೊಟ್ಟಿ ಮ್ಯಾಲೆ ಹೊಡಿಯಾಕತ್ತೀಯಲ್ಲವಾ," ಎಂದ.

"ನಿನಗ ಎಣ್ಣಿ ಹೊರೂದು ಗೊತ್ತೈತಿ. ಭಟ್ಟಿಗೆ ಹೊರು. ಅಲ್ಲಿ ಕೂಲಿ ಕೊಡ್ತಾರ," ಎಂದಳು ಅಕ್ಕ.

ಅವನು ಬೈದು ಹೋದ. ಈಗಲೂ ಅವನದು ಅದೇ ದಂಧೆ, ಓಣಿ ಮಾತ್ರ ಬೇರೆ. ಸಾಂಬ್ರಾದ ಆ ಗಾಡಿಯ ಹೆಂಗಸನ್ನು ಅಕ್ಕ ಹುಡುಕಿಕೊಂಡು ಹೋಗಿದ್ದಳು. ಎಣ್ಣೆ ಕಪ್ಪಾಗದಂತೆ ಕರಿಯುವುದು, ಕಡಿಮೆ ಎಣ್ಣೆಯಲ್ಲಿ ಸಣ್ಣ ಕಡಾಯಿ ಬಳಸುವುದು ಹೇಗೆಂದು ನಿಂತು ತೋರಿಸಿ ಬಂದಳು. ಆ ಹೆಂಗಸು ಅದನ್ನು ಪಾಲಿಸುತ್ತಾಳೋ ಇಲ್ಲವೋ ನಮಗೆ ಗೊತ್ತಿಲ್ಲ.

ದೀಪಾವಳಿ ಕಳೆದು ಭಟ್ಟಿಗೆ ಮೊದಲ ಬೆಂಕಿ ಕೊಡುವ ದಿನ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮನೆಯ ಹೆಣ್ಣುಮಗಳು ದೀಪದಿಂದ ಬೆಂಕಿ ಮುಟ್ಟಿಸಬೇಕು. ಅಕ್ಕ ಬರುವುದು ಬಿಟ್ಟ ಮೇಲೆ ಅದನ್ನು ನಾನೇ ಮಾಡುತ್ತಿದ್ದೆ. ಆ ವರ್ಷ ಕಾಕಾ ನನಗೆ ಏನೂ ಹೇಳದೆ ಅಕ್ಕನಿಗೆ ಫೋನು ಮಾಡಿದರು. ಅಂಗಡಿಯಲ್ಲಿ ಗದ್ದಲ, ಅವಳಿಗೆ ಕೇಳಿಸಲಿಲ್ಲ. "ಯಾರ್ರಿ? ಎಷ್ಟ ಪ್ಲೇಟ?" ಎಂದಳಂತೆ.

"ನಾನವಾ. ನಿನ್ನ ಕಾಕಾ."

ಅವಳು ಅಂಗಡಿಗೆ ಬೀಗ ಹಾಕಿ ಬಂದಳು. ನಾವಿಬ್ಬರೂ ರೈಲಿನಲ್ಲಿ ಹೋದೆವು. ಖಾನಾಪುರ ಹತ್ತಿರ ಬಂದಂತೆ ಅವಳು ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತಲೇ ಇದ್ದಳು. ಮನೆಯ ಬಾಗಿಲಲ್ಲಿ ಕಾಕು ಕಾಲಿಗೆ ನೀರು ಕೊಟ್ಟು, ಅಪ್ಪಿಕೊಂಡು, ಅತ್ತಳು. ಅಕ್ಕ ಅಳಲಿಲ್ಲ. "ಕೆಮ್ಮು ಹೆಂಗೈತಿ ಕಾಕು?" ಎಂದು ಕೇಳಿದಳು. ಪೂಜೆಯಾಯಿತು, ವಿಭೂತಿ ಹಚ್ಚಿಕೊಂಡರು, ಅಕ್ಕ ದೀಪ ಹಿಡಿದು ಭಟ್ಟಿಯ ಬಾಯಿಗೆ ಬೆಂಕಿ ಮುಟ್ಟಿಸಿದಳು. ಎಣ್ಣೆ ಹಿಡಿದ ಉಂಡೆಗಳು ತಕ್ಷಣ ಹೊತ್ತಿದವು. ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಾಗ ಕಾಕಾ ಅವಳ ತೋಳು ಹಿಡಿದರು.

ಊಟದ ಹೊತ್ತಿಗೆ ಯಾರೋ ಬೀಗರು, "ಈಕಿ ಏನ ಮಾಡ್ತಾಳ್ರಿ?" ಎಂದು ಕೇಳಿದರು. ಕಾಕಾ ಹೋಳಿಗೆ ಮುರಿಯುತ್ತ, "ಖಾಸಬಾಗದಾಗ ಬಜಿ ಅಂಗಡಿ ಐತಿ ಆಕೀದು," ಎಂದರು. ಆಮೇಲೆ ಬೇರೆ ಮಾತಿಗೆ ಹೋದರು. ಹಿಂದೆ ಆಡಿದ್ದಕ್ಕೆ ತಪ್ಪಾಯಿತು ಎಂದು ಅವರು ಎಂದೂ ಹೇಳಲಿಲ್ಲ. ಅಕ್ಕನೂ ಕೇಳಲಿಲ್ಲ.

ಈಗಲೂ ಕಾಕಾ ಭಟ್ಟಿಯನ್ನೆಲ್ಲ ತೊಳೆದ ಕಲ್ಲಿದ್ದಲಿನಿಂದ ಉರಿಸುವುದಿಲ್ಲ. ಎಣ್ಣೆ ಅಷ್ಟು ಸಿಗುವುದಿಲ್ಲ. ಸಿಕ್ಕಷ್ಟು ತೊಳೆಯುತ್ತಾರೆ, ಉಳಿದದ್ದಕ್ಕೆ ಗೋಡಂಬಿ ಸಿಪ್ಪೆ, ಕಟ್ಟಿಗೆ ಬೆರೆಸುತ್ತಾರೆ. ಅದೂ ಸಾಲದಾದಾಗ ಹಳೆಯ ಪುಡಿಯೇ ಗತಿ, ಆಗ ಹೊಗೆಯೂ ಹಳೆಯದೇ. ಕಾಲೇಜಿನಿಂದ ಪ್ರತಿ ವರ್ಷ ಹುಡುಗ ಹುಡುಗಿಯರನ್ನು ಒಯ್ದು ತೋರಿಸುತ್ತೇನೆ. ಮೂಗು ಮುಚ್ಚಿಕೊಂಡೇ ಬರುತ್ತಾರೆ, ಮಿಕ್ಸರಿನಲ್ಲಿ ಉಂಡೆ ಕಟ್ಟುವಾಗ ಮೂಗು ಬಿಟ್ಟು ಮೊಬೈಲು ಹಿಡಿಯುತ್ತಾರೆ. ಕಾಕುವಿನ ಕೆಮ್ಮು ಪೂರ್ತಿ ಹೋಗಿಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಶಂಡಿಗೆಯನ್ನು ಅಂಗಳಕ್ಕೆ ಹರವಿದ್ದಳು.

ಕಾಕಾನಿಗೆ ವಯಸ್ಸಾಗಿದೆ, ಟೆಂಪೊ ಹತ್ತಲು ಮಂಡಿ ನೋವು. ಆದರೂ ಎಣ್ಣೆಗೆ ತಾವೇ ಬರುತ್ತಾರೆ. ಡ್ರೈವರನನ್ನು ಒಬ್ಬನೇ ಕಳಿಸಿದರೆ ಸಾಕು ಎಂದು ಈಗ ಅಕ್ಕನೇ ಹೇಳುತ್ತಾಳೆ. ಅವರು ಕೇಳುವುದಿಲ್ಲ. ಬಂದು ಬೆಂಚಿನ ಮೇಲೆ ಕೂತು, ಈ ಸಲ ಎಣ್ಣೆ ಬಹಳ ಕರಕು, ಸೋಸುವುದು ಕಷ್ಟ ಎಂದು ದೂರುತ್ತಾರೆ. ಅಕ್ಕ, ಸೋಸಲು ಬಾರದಿದ್ದರೆ ಬಟ್ಟೆ ಬದಲಿಸಿ ಎನ್ನುತ್ತಾಳೆ. ಗಿರಾಕಿಗಳು ಅವರು ಜಗಳವಾಡುತ್ತಿದ್ದಾರೆಂದು ತಿಳಿದು ಬೇಗ ಬೇಗ ತಿಂದು ಏಳುತ್ತಾರೆ.